ಸಡಿಲ ಫರಸಿ

ಶಿವಯೋಗೀಶನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ಬೈಯುವವಳು ಒಬ್ಬಳಿದ್ದಳು.

ಅವಳು ಮಾಶಾಬಿ, ಹಳೇ ಹುಬ್ಬಳ್ಳಿಯಲ್ಲಿ ಅವನಿದ್ದ ಮನೆಯ ಮಾಲಕಿ. ಗಾದಿ ಹೊಲಿಯುತ್ತಿದ್ದ ಗಂಡ ಖಾಜಾಸಾಬ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಒಬ್ಬಳೇ ಇದ್ದಳು. ಮೇಲಿನ ಕೋಣೆಯಲ್ಲಿ ಶಿವಯೋಗೀಶ ಬಾಡಿಗೆಗಿದ್ದ. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಉಳ್ಳಾಗಡ್ಡಿ ದಲಾಲಿ ಅಂಗಡಿಯೊಂದರ ದಿವಾನಜಿ ಅವನು, ಲೆಕ್ಕ ಬರೆಯುವ ಕೆಲಸ. ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಹೆಬ್ಬಳ್ಳಿಯಲ್ಲಿ ಅಣ್ಣ ಶಾಂತಯ್ಯ ಇದ್ದ. ಹಬ್ಬಕ್ಕೆ ಹೋದರೆ ಊಟಕ್ಕೆ ಹಾಕಿ, ಇವನು ಕೈ ತೊಳೆಯುವ ಮೊದಲೇ ವಾಪಸು ಯಾವ ಬಸ್ಸಿಗೆ ಎಂದು ಕೇಳುತ್ತಿದ್ದ. ಯಾರ್ಡಿನಲ್ಲಿ ದಿನವಿಡೀ ಗದ್ದಲವಿತ್ತು. ಆದರೆ ಅಲ್ಲಿ ಬಾಯಿ ತೆರೆದವರೆಲ್ಲ ಉಳ್ಳಾಗಡ್ಡಿಯ ಬಗ್ಗೆ ಮಾತಾಡುತ್ತಿದ್ದರು.

ಮನೆ ಹಳೆಯ ಕಾಲದ್ದು. ಮಾಶಾಬಿಯ ತಲೆಯ ಮೇಲೆ ಕಂಬದ ಮೇಲೆ ಕೂತ ತೇಗದ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಫರಸಿ ಕಲ್ಲು. ಆ ಕಲ್ಲುಗಳೇ ಶಿವಯೋಗೀಶನ ನೆಲ. ಬಚ್ಚಲಿಗೆ ಹೋಗುವ ದಾರಿಯಲ್ಲಿದ್ದ ಒಂದು ಫರಸಿ ಸಡಿಲವಾಗಿತ್ತು. ಕಾಲಿಟ್ಟರೆ ಒಂದು ಮೂಲೆ ಏಳುತ್ತಿತ್ತು, ಕಾಲು ತೆಗೆದರೆ ಧಪ್ಪೆಂದು ಕೂರುತ್ತಿತ್ತು. ಯಾರ್ಡಿನ ಕೆಲಸಕ್ಕೆ ಅವನು ನಸುಕಿನ ನಾಲ್ಕಕ್ಕೆ ಏಳಬೇಕು. ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಧಪ್ಪೆನ್ನುತ್ತಿತ್ತು. ಹಲಗೆಯ ಸಂದಿನಿಂದ ಕೆಳಗೆ ಮಣ್ಣು ಉದುರುತ್ತಿತ್ತು. ಆಮೇಲೆ ಮಾಶಾಬಿ ಜೇಡರ ಬಲೆ ತೆಗೆಯುವ ಬಿದಿರಿನ ಗಳದಿಂದ ಜಂತಿಗೆ ಕುಟ್ಟುತ್ತಿದ್ದಳು.

ಅವನು ಕೆಳಗಿಳಿದು ಬರುವಾಗ ಬಾಗಿಲಲ್ಲೇ ನಿಂತಿರುತ್ತಿದ್ದಳು.

“ದಿವಾನಜಿ, ಮನುಷ್ಯಾರು ನಡಿಯೂದು ಹಿಂಗೇನ್ರಿ? ಮ್ಯಾಗ ಎಮ್ಮಿ ಕಟ್ಟೀರೇನು?”

“ಕಲ್ಲು ಸಡಲ ಐತ್ರಿ ಅಮ್ಮಾರ.”

“ನನ್ನ ಹಿಟ್ಟಿನ ಡಬ್ಬಿ ನೋಡ್ರಿ. ಅರ್ಧ ಜ್ವಾಳ, ಅರ್ಧ ಮಣ್ಣು. ಖಾಜಾಸಾಬ ಮಣ್ಣಾಗ ಹ್ವಾದ, ನನಗ ಮಣ್ಣ ಮನಿಗೇ ಬರಾಕತ್ತೈತಿ.”

“ದಾಟಿ ನಡೀತೇನ್ರಿ ನಾಳಿಂದ.”

ಅವನು ಹೇಳಿದ್ದಕ್ಕೆ ಅವಳು ಎಂದೂ ಸರಿಯಾದ ಉತ್ತರ ಕೊಡುತ್ತಿರಲಿಲ್ಲ. ಅವನ ಬಾಯಿಯನ್ನೇ ದಿಟ್ಟಿಸಿ ನೋಡಿ ‘ಹೂಂ’ ಅಂದು ಇನ್ನೊಂದು ಬೈಗುಳ ಶುರು ಮಾಡುತ್ತಿದ್ದಳು. ಬಾಯಲ್ಲಿ ತಂಬಾಕು ಇದೆಯೋ ಏನೋ ಎಂದು ನೋಡುತ್ತಾಳೆ ಅಂದುಕೊಂಡಿದ್ದ ಅವನು. ಹಟದ ಮುದುಕಿ, ಎದುರಿನವರ ಮಾತು ಕೇಳುವ ಅಭ್ಯಾಸವಿಲ್ಲ ಎಂದೂ ಅಂದುಕೊಂಡಿದ್ದ. ಮರುದಿನ ಕಲ್ಲನ್ನು ದಾಟಿ ನಡೆಯುವುದು ನೆನಪಿರುತ್ತಿತ್ತು. ಆದರೂ ತುಳಿಯುತ್ತಿದ್ದ. ತುಳಿಯದಿದ್ದರೆ ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ.

ರಂಜಾನ್ ತಿಂಗಳಲ್ಲಿ ಮಾತ್ರ ಗಳದ ಸಪ್ಪಳ ನಿಲ್ಲುತ್ತಿತ್ತು. ಮಣ್ಣು ಉದುರಿದರೂ ಆ ತಿಂಗಳು ಒಂದು ಮಾತೂ ಇಲ್ಲ. ಉಪವಾಸದಲ್ಲಿ ಯಾರನ್ನೂ ಬೈಯಬಾರದು, ಅದಕ್ಕೇ ಸುಮ್ಮನಿದ್ದಾಳೆ ಎಂದು ಅವನ ಲೆಕ್ಕ. ಹಬ್ಬದ ಮರುದಿನ ಗಳ ಮತ್ತೆ ಶುರುವಾಗುತ್ತಿತ್ತು.

ಈ ವರ್ಷ ಸಂಕ್ರಾಂತಿಯ ಮುಂದೆ ಒಂದು ಹೆಂಟೆ ಮಣ್ಣು ಬಿತ್ತು. ಕಾಯಿಸಿ ಇಟ್ಟ ಹಾಲಿನ ಪಾತ್ರೆಯಲ್ಲೇ ಬಿತ್ತು. ಮಾಶಾಬಿ ಪಾತ್ರೆಯನ್ನು ಮೆಟ್ಟಿಲ ಮೇಲೆ ತಂದಿಟ್ಟಳು.

“ಕುಡೀರಿ. ನಿಮ್ಮ ಮಣ್ಣು, ನೀವು ಕುಡೀರಿ.”

ಅವನು ನಕ್ಕ. ಅವಳು ನಗಲಿಲ್ಲ.

“ಸಪ್ಪಳಾ ನಿಲ್ಲಿಸಿದ್ರ ಇರ್ರಿ. ಇಲ್ಲಂದ್ರ ಯುಗಾದಿ ಒಳಗ ಮನಿ ಖಾಲಿ ಮಾಡ್ರಿ. ನನ್ನ ಅಕ್ಕನ ಮಗ ಜಾಕೀರ ಗದಗದಾಗ ಅದಾನ. ಬಂದು ಸಾಮಾನ ಓಣ್ಯಾಗ ಇಡತಾನ.”

ನಲವತ್ತು ದಾಟಿದ ಒಂಟಿ ಗಂಡಸಿಗೆ ಕೋಣೆ ಸಿಗುವುದು ಕಷ್ಟ. ಹೆಂಡತಿ ಎಲ್ಲಿ ಎಂದು ಕೇಳುತ್ತಾರೆ, ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಸಿಕ್ಕರೂ ಆ ಮನೆಯಲ್ಲಿ ಬಾಗಿಲಿಗೆ ಬಂದು ಬೈಯುವವರು ಯಾರು? ಅದನ್ನು ಅವನು ಹೊರಗೆ ಹೇಳಲಿಲ್ಲ. ಗೌಂಡಿ ಯಲ್ಲೇಶನನ್ನು ಕರೆತಂದ.

ಯಲ್ಲೇಶ ಹಾರೆಯ ತುದಿಯಿಂದ ಕಲ್ಲು ಕುಟ್ಟಿ ನೋಡಿದ. “ಇದನ್ನ ಕಿತ್ರ ಕೆಳಗಿನ ಮಣ್ಣೆಲ್ಲಾ ಜಾರತೈತ್ರಿ. ಹಲಗಿ ಕುಂಬಾಗ್ಯಾವು. ನೀವು ಕಲ್ಲಿನ ಗೂಡ ಸೀದಾ ಮುದುಕಿ ಹಾಸಿಗಿಗೆ ಇಳೀತೀರಿ. ಆಮ್ಯಾಲೆ ಊರ ಮಂದಿ ಏನಂದಾರು?”

“ಮತ್ತೇನ ಮಾಡ್ಲಿ?”

“ಮ್ಯಾಗ ಏನರೆ ಹಾಸ್ರಿ. ಕಲ್ಲಿಗೆ ಕೈ ಹಚ್ಚಬ್ಯಾಡ್ರಿ.”

ನೆಲಹಾಸಿನ ಅಂಗಡಿಯ ಹುಡುಗ ಕಪಿಲ ವಿನೈಲ್ ಟೈಲ್ಸ್ ತೋರಿಸಿದ. ಉದ್ದನೆಯ ಪಟ್ಟಿಗಳು, ಮರದ ಬಣ್ಣ, ಅಂಚಿನಲ್ಲಿ ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಅದು ಕೂರುವ ತೋಡು. “ಇದಕ್ಕ ಗಮ್ ಬ್ಯಾಡ, ಸಿಮೆಂಟ ಬ್ಯಾಡ. ನೆಲಕ್ಕ ಅಂಟಂಗೇ ಇಲ್ಲ. ಒಂದಕ್ಕೊಂದು ಕಚಗೊಂಡು ಸುಮ್ನ ಮ್ಯಾಗ ಕುಂದರತಾವು. ಕೆಳಗ ಈ ಫೋಮ್ ಹಾಸಿದ್ರಂದ್ರ ನೀವು ಮ್ಯಾಗ ಕುಣದ್ರೂ ಕೆಳಗ ಸುದ್ದಿ ಹೋಗಂಗಿಲ್ಲ. ಮನಿ ಬಿಡೋ ದಿನ ಬಿಚಗೊಂಡು ಒಯ್ರಿ.”

“ಕುಣ್ಯಾವ್ರು ಯಾರಿಲ್ಲ,” ಅಂದ ಶಿವಯೋಗೀಶ. ಫೋನಿನಲ್ಲಿ ವಿಡಿಯೊ ನೋಡಿ ತಾನೇ ಹಾಕುವುದೆಂದು ನಿರ್ಧರಿಸಿದ.

ರವಿವಾರ ಬೆಳಿಗ್ಗೆ ಮಂಚ, ಟ್ರಂಕು, ಗ್ಯಾಸಿನ ಸ್ಟ್ಯಾಂಡು ಎಲ್ಲವನ್ನೂ ಒಂದು ಕಡೆಗೆ ಎಳೆದ. ಸಡಿಲ ಫರಸಿಯ ಸುತ್ತಲಿನ ಸಂದಿಗೆ ಸಣ್ಣ ಉಸುಕು ಸುರಿದು, ನೀರು ಚಿಮುಕಿಸಿ, ಮತ್ತೆ ಸುರಿದ. ಎದ್ದ ಮೂಲೆಯ ಕೆಳಗೆ ಸೈಕಲ್ ಟ್ಯೂಬಿನ ತುಂಡುಗಳನ್ನು ತುರುಕಿದ. ಹತ್ತಿ ನಿಂತ. ಕಲ್ಲು ಅಲುಗಲಿಲ್ಲ. ಅದರ ಮೇಲೆ ಫೋಮ್ ಹಾಸಿದ. ಮೊದಲ ಸಾಲನ್ನು ಗೋಡೆಯ ಪಕ್ಕ ಇಟ್ಟು, ನಡುವೆ ಪ್ಲೈವುಡ್ ತುಂಡುಗಳನ್ನು ಸಿಕ್ಕಿಸಿ ಬೆರಳಿನಗಲ ಸಂದಿ ಬಿಟ್ಟ. ಎರಡನೆಯ ಸಾಲಿನ ಪಟ್ಟಿಯನ್ನು ಓರೆಯಾಗಿ ಹಿಡಿದು ನಾಲಿಗೆಯನ್ನು ತೋಡಿಗೆ ಕೂರಿಸಿ ಕೆಳಗೆ ಒತ್ತಿದಾಗ ಕಟಕ್ಕೆಂದಿತು. ಮೊದಲ ಕೆಲವು ಪಟ್ಟಿಗಳು ಸೊಟ್ಟ ಕೂತವು. ಬಿಚ್ಚಿದ, ಮತ್ತೆ ಕೂರಿಸಿದ, ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಬಡಿದ.

ಬಡಿತಕ್ಕೆ ಮಾಶಾಬಿ ಮೇಲೆ ಬಂದಳು. ವರ್ಷಗಳಿಂದ ಆ ಮೆಟ್ಟಿಲು ಹತ್ತಿರಲಿಲ್ಲ. ಟ್ರಂಕಿನ ಮೇಲೆ ಕೂತು ಏದುಸಿರು ಬಿಟ್ಟಳು.

“ಏನ್ರಿ ಇದು, ಮನಿಗೆ ಚಾಪಿನೋ, ಚಾಪಿಗೆ ಮನಿನೋ?”

“ನಿಮ್ಮ ಹಿಟ್ಟಿಗೆ ಮಣ್ಣ ಬೀಳಬಾರದು ಅಂತ ಮಾಡಾಕತ್ತೇನ್ರಿ.”

“ಹೂಂ. ಗ್ವಾಡಿ ಕಡೆ ಸಂದಿ ಯಾಕ ಉಳದೈತಿ? ಅಳತಿ ತಪ್ಪೀತೇನು?”

“ಬ್ಯಾಸಗಿಗೆ ಹಿಗ್ಗತಾವ್ರಿ ಇವು. ಜಾಗಾ ಬಿಡಬೇಕು.”

“ಹೂಂ. ತಪ್ಪಿದ್ರ ತಪ್ಪಲಿ. ಉಳ್ಳಾಗಡ್ಡಿ ಲೆಕ್ಕದವ್ರಿಗೆ ನೆಲದ ಲೆಕ್ಕ ಎಲ್ಲಿಂದ ಬರಬೇಕು.”

ಅವಳು ಹೋಗಲಿಲ್ಲ. ಅವನು ಕತ್ತರಿಸಬೇಕಾದ ಪಟ್ಟಿಗಳ ತುದಿ ಹಿಡಿದುಕೊಂಡಳು. ಕಟರಿನಿಂದ ಗೀರಿ ಮುರಿದಾಗ, ಗಂಡ ಗಾದಿಯ ಬಟ್ಟೆ ಹರಿಯುವಾಗ ಹೀಗೇ ತುದಿ ಹಿಡಿಯುತ್ತಿದ್ದೆ ಎಂದಳು. ಖಾಜಾಸಾಬ ಒಮ್ಮೆ ಗಾದಿಯೊಳಗೆ ಕತ್ತರಿ ಬಿಟ್ಟು ಹೊಲಿದ ಕತೆ ಹೇಳಿದಳು. ಆ ಗಾದಿ ಕೊಂಡವನು ಎರಡು ವರ್ಷ ಅದರ ಮೇಲೆ ಮಲಗಿ, ಬೆನ್ನು ನೋವೆಂದು ಡಾಕ್ಟರಿಗೆ ತೋರಿಸಿದನಂತೆ. ಅವಳೇ ಹೇಳಿ ಅವಳೇ ಕೆಮ್ಮುವವರೆಗೆ ನಕ್ಕಳು. ಮಧ್ಯಾಹ್ನ ಕೆಳಗೆ ಹೋಗಿ ಚಹಾ ಮಾಡಿ ತಂದಳು. ಸಂಜೆ ಕೊನೆಯ ಸಾಲು ಕೂತಾಗ ಬರಿಗಾಲಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದು ನೋಡಿದಳು. ಬಚ್ಚಲ ದಾರಿಯಲ್ಲಿ ನಿಂತು ಒಂದು ಕಾಲಿನಿಂದ ಒತ್ತಿದಳು, ಮತ್ತೆ ಒತ್ತಿದಳು.

“ಇಲ್ಲೇ ಅಲ್ಲಾ ಅದು ಇದ್ದದ್ದು?”

“ಹೌದ್ರಿ. ಇನ್ನ ಸಪ್ಪಳಿಲ್ಲ.”

ಅವಳು ಅವನ ಬಾಯಿ ನೋಡಿದಳು. “ಛಲೋ ಆತು ಬಿಡ್ರಿ,” ಅಂದು ಗೋಡೆ ಹಿಡಿದುಕೊಂಡು ಇಳಿದಳು.

ಮರುದಿನ ನಸುಕಿನಲ್ಲಿ ಅವನು ಎದ್ದು ನಡೆದ. ನೆಲ ಸಪ್ಪಳ ಮಾಡಲಿಲ್ಲ. ಗಳ ಕುಟ್ಟಲಿಲ್ಲ. ಕೆಳಗಿಳಿದಾಗ ಮಾಶಾಬಿಯ ಬಾಗಿಲು ಮುಚ್ಚಿತ್ತು. ಮರುದಿನವೂ ಮುಚ್ಚಿತ್ತು. ಅವನು ಯಾರ್ಡಿನಿಂದ ಬರುವ ಹೊತ್ತಿಗೆ ಅವಳು ಮಲಗಿರುತ್ತಿದ್ದಳು ಅಥವಾ ಎದುರು ಮನೆಯ ಮುಸರತಳ ಕಟ್ಟೆಯ ಮೇಲೆ ಇರುತ್ತಿದ್ದಳು. ಬೈಯಲು ಏನೂ ಉಳಿದಿರಲಿಲ್ಲ, ಬೇರೆ ಮಾತು ಇಬ್ಬರಿಗೂ ಅಭ್ಯಾಸವಿರಲಿಲ್ಲ. ಒಂದು ದಿನ ಅವನು ಬೇಕೆಂದೇ ಹಿಮ್ಮಡಿ ಊರಿ ನಡೆದ. ಇನ್ನೊಂದು ದಿನ ನೀರಿನ ತಂಬಿಗೆ ಕೈಬಿಟ್ಟ. ಅದು ಮೆತ್ತಗೆ ಬಿದ್ದು ಮಂಚದ ಕೆಳಗೆ ಉರುಳಿತು. ಕಪಿಲ ಸುಳ್ಳು ಹೇಳಿರಲಿಲ್ಲ.

ರಂಜಾನ್ ಶುರುವಾಯಿತು. ಓಣಿಯಲ್ಲಿ ಸಂಜೆ ಭಜಿಯ ವಾಸನೆ ಬರುತ್ತಿತ್ತು. ಗಳದ ಸಪ್ಪಳ ಈ ತಿಂಗಳು ಹೇಗೂ ಇರುವುದಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ಹಬ್ಬವಾದ ಮೇಲೆ ಏನಾದರೂ ನೆಪ ಮಾಡಿ ಕೆಳಗೆ ಹೋಗಬೇಕು ಅಂದುಕೊಂಡ.

ಒಂಬತ್ತನೆಯ ರೋಜಾ, ಅಂದರೆ ಒಂಬತ್ತನೆಯ ಉಪವಾಸದ ಮಧ್ಯಾಹ್ನ ಯಾರ್ಡಿನಿಂದ ಬಂದಾಗ ಮಾಶಾಬಿಯ ಬಾಗಿಲಿಗೆ ಬೀಗವಿತ್ತು. ಮುಸರತ ತನ್ನ ಕಟ್ಟೆಯಿಂದಲೇ ಕೂಗಿದಳು.

“ಈಗ ಬಂದ್ರ್ಯಾ ದಿವಾನಜಿ? ನಳದ ಹಂತ್ಯಾಕ ಬಿದ್ಲು ಆಕಿ. ಸಕ್ಕರಿ ಪೂರಾ ಇಳದಿತ್ತಂತ, ಟೊಂಕದ ಎಲುಬು ಮುರದೈತಿ. ದವಾಖಾನಿಗೆ ಒಯ್ದಾರ. ಜಾಕೀರ ಗದಗಿನಿಂದ ಹೊಂಟಾನ.”

“ಉಪಾಸ ಮಾಡಬಾರದಿತ್ತಲ್ರಿ, ಸಕ್ಕರಿ ಕಾಯಿಲೆ ಇದ್ದಾಕಿ.”

“ವರ್ಷಾ ಮಾಡ್ತಾಳ. ಸೆಹರಿಗೆ ಎದ್ದು ನಸಕಿನ್ಯಾಗ ಎರಡು ರೊಟ್ಟಿ ತಿಂದು ಗುಳಿಗಿ ನುಂಗಿ ರೋಜಾ ಹಿಡೀತಿದ್ಲು. ಈ ಸಲ ಎಂಟು ದಿನದಿಂದ ಎದ್ದೇ ಇಲ್ಲ. ಖಾಲಿ ಹೊಟ್ಟಿಲೇ ಹಿಡದಾಳ. ಇವತ್ತ ನನ್ನ ಮುಂದ ಬಾಯಿ ಬಿಟ್ಲು.”

“ಯಾಕ ಏಳಲಿಲ್ಲ? ಮಸೂತ್ಯಾಗ ಮೈಕಿನ್ಯಾಗ ಕರೀತಾರಲ್ಲ.”

ಮುಸರತ ಅವನನ್ನು ನೋಡಿದಳು. “ಆಕಿಗೆ ಕಿವಿ ಕೇಳಂಗಿಲ್ಲ. ಅಷ್ಟ ವರ್ಷ ಅದ ಮನ್ಯಾಗದೀರಿ, ಗೊತ್ತಿಲ್ಲೇನು?”

ಅವನು ಬೀಗದ ಕಡೆ ತಿರುಗಿ ನೋಡಿದ.

“ನಾ ಬಂದು ಬಾಗಲಾ ಬಡೀತೇನಿ ಅಂದ್ರ, ನಾನೇನ ಕಿವುಡಿ ಏನ ಅಂತ ಜಗಳಕ್ಕ ಬರತಾಳ. ಹಾಸಿಗಿ ಕಂಬಕ್ಕ ಹಚ್ಚಿ ಮಲಗತಿದ್ಲು. ನೀವು ಎದ್ದು ಆ ಕಲ್ಲು ತುಳದ್ರ ಕಂಬದಾಗ ಇಳದು ಬೆನ್ನಿಗೆ ಹತ್ತತಿತ್ತಂತ. ಮಣ್ಣು ಮಾರಿ ಮ್ಯಾಗ ಬೀಳತಿತ್ತಂತ. ಅದಕ್ಕ ಏಳ್ತಿದ್ಲು. ಅದನ್ನ ಮುಚ್ಚಿ ಬಿಟ್ರಿ ನೀವು.”

“ಅಲ್ರೀ, ಅದಕ್ಕ ದಿನಾ ಬೈತಿದ್ರಲ್ಲ ನನ್ನ. ಅವರೇ ನಿಲ್ಲಸ್ರಿ ಅಂದದ್ದು.”

“ಬೈಯಾಕ ಬ್ಯಾರೆ ಯಾರದಾರ ಆಕಿಗೆ?”

ಅವನು ಮೇಲೆ ಹೋದ. ಕೊನೆಯ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಓರೆ ಎತ್ತಿದರೆ ಪಟ್ಟಿಗಳು ಬಿಚ್ಚಿಕೊಳ್ಳುತ್ತವೆ ಎಂದು ವಿಡಿಯೊದಲ್ಲಿತ್ತು. ಕೊನೆಯ ಸಾಲಿನ ಮೇಲೆ ಮಂಚ, ಟ್ರಂಕು ಇದ್ದವು. ಅವನಿಗೆ ಅಷ್ಟು ವ್ಯವಧಾನ ಇರಲಿಲ್ಲ. ಬಚ್ಚಲ ದಾರಿಯಲ್ಲಿ ಚಾಕು ತುರುಕಿ ನಡುವಿನಿಂದಲೇ ಎಬ್ಬಿಸಿದ. ನಾಲಿಗೆಗಳು ಒಂದೊಂದಾಗಿ ಮುರಿದವು. ಫೋಮ್ ಹರಿದ. ಟ್ಯೂಬಿನ ತುಂಡುಗಳನ್ನು ಎಳೆದು ತೆಗೆದ. ಎದ್ದು ಫರಸಿಯ ಮೇಲೆ ಕಾಲಿಟ್ಟ.

ಕಲ್ಲು ಅಲುಗಲಿಲ್ಲ. ಉಸುಕು ಕೆಳಗಿಳಿದು ಗಟ್ಟಿಯಾಗಿ ಕೂತಿತ್ತು. ಹಿಮ್ಮಡಿಯಿಂದ ಗುದ್ದಿದ. ಎರಡೂ ಕಾಲು ಎತ್ತಿ ಹಾರಿದ. ಚಮಚದಿಂದ ಸಂದಿಯ ಉಸುಕು ಕೆದರಿದ. ಒಂದಿಷ್ಟು ಬಂತು, ಆಳದಲ್ಲಿದ್ದದ್ದು ಬರಲಿಲ್ಲ. ಕಲ್ಲೆತ್ತುವ ಹಾಗಿರಲಿಲ್ಲ.

ವಾರ ಕಳೆದ ಮೇಲೆ ಜಾಕೀರ ಟೆಂಪೊ ತಂದ. ಓಣಿ ಸಣ್ಣದು, ಗಾಡಿ ಮೂಲೆಯಲ್ಲೇ ನಿಂತಿತು. ಮಾಶಾಬಿ ಹಿಂದೆ ಗಾದಿಯ ಮೇಲೆ ಮಲಗಿದ್ದಳು. ಜಾಕೀರ ಹಾಸಿಗೆ, ಹಿಟ್ಟಿನ ಡಬ್ಬಿ, ಪಾತ್ರೆ ಹೊತ್ತು ತಂದ. ಹಾಸಿಗೆಯ ಇನ್ನೊಂದು ತುದಿಯನ್ನು ಶಿವಯೋಗೀಶ ಹಿಡಿದ.

“ಇನ್ನ ನಮ್ಮ ಕಡೇನ ಇರತಾಳ್ರಿ,” ಅಂದ ಜಾಕೀರ. “ಕೆಳಗಿನ ಮನಿಗೆ ಯಾರರೆ ಬಂದ್ರ ಕೊಡೋಣು. ನೀವೇನು ಖಾಲಿ ಮಾಡಬ್ಯಾಡ್ರಿ.”

ಶಿವಯೋಗೀಶ ಟೆಂಪೊದ ಹಿಂದೆ ಹೋಗಿ ನಿಂತ. “ಟೈಲ್ಸ್ ತೆಗದೇನ್ರಿ ಅಮ್ಮಾರ,” ಅಂದ. ಆಮೇಲೆ ನೆನಪಾಗಿ ಇನ್ನಷ್ಟು ಬಗ್ಗಿ, ಓಣಿಗೆಲ್ಲ ಕೇಳುವಂತೆ ಕೂಗಿದ. “ತೆಗದೇನಿ! ಎಲ್ಲಾ ಕಿತ್ತೇನಿ!”

ಅವಳು ಅವನ ಬಾಯಿ ನೋಡಿದಳು.

“ಹೂಂ,” ಅಂದಳು. “ಸಪ್ಪಳಾ ಮಾಡದಂಗ ಇರ್ರಿ ಇನ್ನ. ಕೆಳಗ ಬರಾವ್ರು ನನ್ನಂಗ ತಡಕೊಳ್ಳಂಗಿಲ್ಲ.”

ಟೆಂಪೊ ಹಿಂದಕ್ಕೆ ಸರಿದು ತಿರುಗಿ ಹೋಯಿತು. ಶಿವಯೋಗೀಶ ಮೇಲೆ ಬಂದು ಕಿತ್ತ ಪಟ್ಟಿಗಳನ್ನು ಗೋಡೆಗೆ ಒಟ್ಟಿ, ಚೆನ್ನಾಗಿದ್ದವನ್ನೂ ಮುರಿದವನ್ನೂ ಬೇರೆ ಮಾಡಿದ. ಹೋದದ್ದು ಇಷ್ಟು: ಟೈಲ್ಸ್ ಹದಿನೇಳು, ಅವಳು ಹಿಡಿಯದೆ ಉಳಿದ ರೋಜಾ ಇಪ್ಪತ್ತೆರಡು, ಬೈಯುವವಳು ಒಬ್ಬಳು.