ಗುರುವಿನ ಬಾಗಿಲಲ್ಲಿ ಇಬ್ಬರು

ಆರು ಗ್ರಹಗಳಾಚೆ ಒಬ್ಬ ಸೋಮಾರಿ ರಾಜನಿದ್ದನಂತೆ. ಮಗ್ಗುಲಾಗಿ ಮಲಗಿದವನು ಎದ್ದದ್ದೇ ಇಲ್ಲ, ಮಲಗಿಕೊಂಡೇ ಸೂರ್ಯನನ್ನು ಸುತ್ತುತ್ತಿದ್ದನಂತೆ. ಅವನಿಗಿಂತ ಈಚೆಗೆ ಬಳೆ ತೊಟ್ಟ ರಾಣಿಯೊಬ್ಬಳು. ಇಬ್ಬರ ಅರಮನೆಗೂ ದಾರಿ ಗುರುವಿನ ಬಾಗಿಲ ಮುಂದಿನಿಂದಲೇ. ಗುರು ಭಾರಿ ಆಸಾಮಿ. ಹತ್ತಿರ ಸುಳಿದವರನ್ನು ಎಳೆದು, ಬೀಸಿ, ಬಂದದ್ದಕ್ಕಿಂತ ಜೋರಾಗಿ ಆಚೆಗೆ ಎಸೆಯುತ್ತಿದ್ದ. ಆದರೆ ನಿಂತಲ್ಲಿ ನಿಲ್ಲುವವನಲ್ಲ. ಬೇಕಾದ ಜಾಗದಲ್ಲಿ ಅವನು ಸಿಗುವುದು ಅಪರೂಪ.

ಅಜ್ಜಿಯ ಬಾಯಲ್ಲಾಗಿದ್ದರೆ ಈ ಕಥೆಗೆ ಇಬ್ಬರು ಅಕ್ಕತಂಗಿಯರೂ ಬರುತ್ತಿದ್ದರು. ಅಕ್ಕ ಹೊಟ್ಟೆಕಿಚ್ಚಿನವಳು, ತಂಗಿ ಬಂಗಾರ. ಅಜ್ಜಿಯ ಕಥೆಗಳಲ್ಲಿ ಇದು ಒಮ್ಮೆಯೂ ತಲೆಕೆಳಗಾಗಲಿಲ್ಲ. ಅವಳ ಎಡಕ್ಕೆ ನಾನು, ಬಲಕ್ಕೆ ಚಿಕ್ಕಮ್ಮನ ಮಗಳು ಪುಟ್ಟಿ ಮಲಗಿ ಕೇಳುತ್ತಿದ್ದೆವು. ‘ಅಕ್ಕ’ ಎಂಬ ಮಾತು ಬಂದಾಗಲೆಲ್ಲ ಅಜ್ಜಿ ನನ್ನ ಕಡೆಗೇ ತಿರುಗಿದಂತೆ ಅನ್ನಿಸುತ್ತಿತ್ತು. ಪುಟ್ಟಿ ನನಗಿಂತ ಎಂಟು ತಿಂಗಳು ಚಿಕ್ಕವಳು. ಆ ಎಂಟು ತಿಂಗಳಿಗಾಗಿ ಅವಳು ಹುಟ್ಟಿದಾಗಿನಿಂದ ನಾನು ಅಕ್ಕನ ಪಾಲಿನ ಬೈಗುಳ ತಿನ್ನುತ್ತಿದ್ದೇನೆ.

ಈಗ ನಾವಿಬ್ಬರೂ ಒಂದೇ ಕಚೇರಿಯ ಒಂದೇ ಕೋಣೆಯಲ್ಲಿ ಎದುರುಬದುರು ಕೂರುತ್ತೇವೆ. ಮನುಷ್ಯರಿಲ್ಲದ ನೌಕೆಗಳು ಭೂಮಿ ಬಿಟ್ಟು ಹೊರಡಬೇಕಾದ ದಿನ, ಗಂಟೆ, ನಿಮಿಷಗಳ ಪಟ್ಟಿ ಮಾಡುವುದು ನಮ್ಮ ಕೆಲಸ. ನನ್ನದು ಆ ಮಲಗಿದ ರಾಜನ ಬಳಿಗೆ, ಅಂದರೆ ಯುರೇನಸ್ಸಿಗೆ. ಅವಳದು ಬಳೆಯ ರಾಣಿ ಶನಿಗೆ. ಎರಡಕ್ಕೂ ಈ ವರ್ಷದ ಅವೇ ಇಪ್ಪತ್ತೊಂದು ದಿನ ಬೇಕು. ಇಷ್ಟು ದೊಡ್ಡ ರಾಕೆಟ್ಟನ್ನು ಹಾರಿಸುವ ಕಟ್ಟೆ ಒಂದೇ ಇದೆ. ಒಮ್ಮೆ ಹಾರಿಸಿದರೆ ಸುಟ್ಟ ಕಟ್ಟೆ ರಿಪೇರಿಯಾಗಲು ಎರಡು ತಿಂಗಳು. ಉಳಿದವಳು ಗುರುಗ್ರಹ ಮತ್ತೆ ಬೇಕಾದ ಜಾಗದಲ್ಲಿ ಸಿಗುವ ತನಕ ಕಾಯಬೇಕು: ನಾನಾದರೆ ಹದಿನಾಲ್ಕು ವರ್ಷ, ಅವಳಾದರೆ ಇಪ್ಪತ್ತು.

ಸೋಮವಾರ ಬೆಳಿಗ್ಗೆ ನಮ್ಮ ಮುಖ್ಯಸ್ಥರು ಇಬ್ಬರನ್ನೂ ಕರೆದರು. ನಿಮಿಷ ತಪ್ಪದ ಮನುಷ್ಯರಾದ್ದರಿಂದ ಕಚೇರಿಯಲ್ಲಿ ಅವರ ಹೆಸರು ಗಡಿಯಾರ.

“ಶುಕ್ರವಾರ ನಾಲ್ಕು ಗಂಟೆಗೆ ತೀರ್ಮಾನ,” ಎಂದರು. “ಶನಿಯ ಹತ್ತಿರ ನೌಕೆ ನಿಲ್ಸಿ ನೋಡಿದೋರಿದ್ದಾರೆ. ಯುರೇನಸ್ ಹತ್ತಿರ ಯಾರೂ ನಿಲ್ಸಿಲ್ಲ. ಇಬ್ರಿಗೂ ಈ ವರ್ಷವೇ ಗತಿ ಅನ್ನೋದಾದ್ರೆ ನನ್ನ ಮತ ದೂರದವಳಿಗೆ. ಆದ್ರೆ ಎರಡೂ ಪಟ್ಟಿಗೆ ಎರಡನೇ ಕಣ್ಣು ಬೀಳ್ಬೇಕು.”

ಎರಡನೇ ಕಣ್ಣು ನಮ್ಮ ಕಚೇರಿಯ ಪದ್ಧತಿ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಮೊದಲ ಸಾಲಿನಿಂದ ಹೊಸದಾಗಿ ಲೆಕ್ಕಹಾಕಿ, ‘ನೋಡಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕದೆ ಯಾವ ಕಾಗದವೂ ಕಚೇರಿ ದಾಟುವಂತಿಲ್ಲ. ಇರುವುದು ಮೂವರೇ ಲೆಕ್ಕದವರು. ಮೂರನೆಯವಳು ಹೆರಿಗೆ ರಜೆಯಲ್ಲಿದ್ದಳು.

“ಅಕ್ಕ, ನನ್ನದು ನೀನು ನೋಡ್ಕೊಡ್ತೀಯಲ್ಲಾ?” ಎಂದಳು ಪುಟ್ಟಿ. ಅವಳ ಜಡೆಯಲ್ಲಿ ಎಂದಿನಂತೆ ಎರಡು ಪೆನ್ಸಿಲ್ ಸಿಕ್ಕಿಕೊಂಡಿದ್ದವು.

“ಶುಕ್ರವಾರ ನಾಲ್ಕರೊಳಗೆ ಸಹಿ ಹಾಕಿಕೊಡ್ತೀನಿ. ಮಾತು ಕೊಟ್ಟೆ.”

ಗಡಿಯಾರದ ಮತ ನನ್ನ ಕಡೆಗೇ ಇತ್ತು. ಸುಮ್ಮನೆ ಕೂತಿದ್ದರೂ ಕಟ್ಟೆ ನನ್ನದೇ. ಆದರೆ ನನಗೆ ಅಷ್ಟು ಸಾಲದು. ನಾನು ಗೆಲ್ಲುವುದರ ಜೊತೆಗೆ ಅವಳು ತಪ್ಪಬೇಕಿತ್ತು. ಕ್ಯಾಂಟೀನಿನಲ್ಲಿ ಅವಳು ಹೋದ ಕಡೆ ಕುರ್ಚಿಗಳು ತಾವೇ ಜರುಗಿ ಜಾಗ ಬಿಡುತ್ತವೆ. ರಾಕೆಟ್ ಜೋಡಿಸುವವರು ನನ್ನನ್ನು ‘ಯುರೇನಸ್ ಮೇಡಂ’ ಎನ್ನುತ್ತಾರೆ, ಅವಳನ್ನು ‘ನಮ್ಮ ಪುಟ್ಟಿ’. ಅಂಥವಳ ಪಟ್ಟಿಯಲ್ಲಿ ಒಂದೇ ಒಂದು ತಪ್ಪು, ಎಲ್ಲರೆದುರಿಗೆ ನನ್ನ ಬಾಯಿಂದ ಬಂದರೆ ಸಾಕಿತ್ತು.

ಮಂಗಳವಾರ ಸಂಜೆಯೊಳಗೆ ಅವಳು ನನ್ನ ಪಟ್ಟಿ ನೋಡಿ ಸಹಿ ಹಾಕಿ, ಮೂಲೆಯಲ್ಲೊಂದು ಹೂವಿನ ಚಿತ್ರ ಬಿಡಿಸಿ ವಾಪಸು ಕೊಟ್ಟಳು. ದಿನಕ್ಕೊಂದರಂತೆ ಇಪ್ಪತ್ತೊಂದು ಸಾಲುಗಳಲ್ಲಿ ನಾನು ಇನ್ನೂ ಅವಳ ಐದನೇ ಸಾಲಿನಲ್ಲೇ ಇದ್ದೆ. ಪ್ರತಿ ಸೆಕೆಂಡನ್ನೂ ಬಾಚಣಿಗೆಯಿಂದ ಹೇನು ತೆಗೆದಂತೆ ಬಾಚುತ್ತಿದ್ದೆ.

ಬುಧವಾರ ಮನೆಗೆ ಬಂದಾಗ ಅಜ್ಜಿ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು.

“ಪುಟ್ಟಿ ಫೋನ್ ಮಾಡಿದ್ಲು. ನಿನ್ನ ಲೆಕ್ಕ ಹೊಗಳಿದ್ದೇ ಹೊಗಳಿದ್ದು. ನೀನು ಅವಳದ್ದು ನೋಡಿದ್ಯಾ?”

“ನೋಡ್ತಾ ಇದೀನಿ. ಇನ್ನೂ ಏನೂ ಸಿಕ್ಕಿಲ್ಲ.”

“ಸಿಕ್ಕಿಲ್ಲ ಅಂದ್ರೆ? ಅವಳೇನು ಕಳ್ಕೊಂಡಿದ್ದಾಳೆ?”

ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು. “ಮೂಗಿನ ತುದಿ ಕೆಂಪಗಾಗಿದೆ. ಅವಳಿಗೆ ಹೊಸ ಲಂಗ ತಂದಾಗಲೂ ನಿಂದು ಹೀಗೇ ಆಗ್ತಿತ್ತು.”

“ನಿಂಗೆ ಮೊದಲಿಂದ್ಲೂ ಅವಳೇ ಹೆಚ್ಚು.”

“ಹೌದು ಮತ್ತೆ,” ಎಂದಳು ಅಜ್ಜಿ, ಕೈ ನಿಲ್ಲಿಸದೆ. “ಅವಳು ಅರ್ಧ ಕಥೆಗೇ ನಿದ್ದೆ ಮಾಡ್ತಿದ್ಲು. ನೀನು ಕಥೆ ಮುಗಿದ ಮೇಲೂ ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಪ್ರಾಣ ತಿಂತಿದ್ದೆ.”

ಗುರುವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂದನೇ ಸಾಲೂ ಮುಗಿಯಿತು. ಕೂದಲೆಳೆಯಷ್ಟೂ ತಪ್ಪಿಲ್ಲ.

ಕೊನೆಯ ಪುಟವೊಂದು ಉಳಿದಿತ್ತು. ಹದಿಮೂರು ತಿಂಗಳು ತಡೆದು, ಮುಂದಿನ ವರ್ಷ ಹೊರಟರೆ ಆಗುತ್ತದೆಯೇ ಎಂಬ ಪುಟ. ಅದನ್ನು ಎಲ್ಲರೂ ಕಾಟಾಚಾರಕ್ಕೆ ಬರೆಯುತ್ತಾರೆ, ಎರಡನೇ ಕಣ್ಣು ಅಲ್ಲಿಗೆ ಹೋಗಬೇಕೆಂದೂ ಇಲ್ಲ. ಇಲ್ಲಾದರೂ ಸಿಕ್ಕಿಬೀಳುತ್ತಾಳೆ ಎಂದು ತಿರುಗಿಸಿದೆ. ಪುಟದ ತಲೆಯಲ್ಲಿ, ಅವಳು ಪ್ರತಿ ಪುಟಕ್ಕೂ ಬರೆಯುವ ಹಾಗೆ, ನೌಕೆಯ ತೂಕ ಮತ್ತು ಆ ತೂಕ ಕೇಳಿ ಬರೆದುಕೊಂಡ ದಿನಾಂಕ. ಶಾಲೆಯ ಹುಡುಗಿಯ ಹಾಗೆ ಎಂದು ನಾನು ಎಷ್ಟೋ ಸಲ ನಕ್ಕಿದ್ದೆ. ಕೆಳಗೆ ಇಡೀ ಲೆಕ್ಕ, ಕೊನೆಗೆ ‘ಸಾಧ್ಯವಿಲ್ಲ’. ನಾನೂ ಹಾಕಿ ನೋಡಿದೆ. ಸಾಧ್ಯವಿಲ್ಲ, ನಿಜ.

ನನ್ನದು ಇದಕ್ಕಿಂತ ಚೊಕ್ಕವಾಗಿದೆ ಎಂದು ಕಣ್ಣಾರೆ ನೋಡಿ ಸಮಾಧಾನಪಟ್ಟುಕೊಳ್ಳಲು ನನ್ನ ಕಡತ ತೆರೆದೆ. ನನ್ನ ಪುಟದಲ್ಲೂ ‘ಸಾಧ್ಯವಿಲ್ಲ’ ಎಂದೇ ಇತ್ತು. ತೂಕದ ದಿನಾಂಕ ಇರಲಿಲ್ಲ. ಯಾವಾಗ ಬರೆದದ್ದೆಂದು ಹುಡುಕಿದರೆ, ಎರಡು ವರ್ಷದ ಹಿಂದೆ.

ಆಮೇಲೆ ನನ್ನ ನೌಕೆಯಿಂದ ಒಂದು ಕ್ಯಾಮೆರಾ ತೆಗೆದಿದ್ದರು, ಇಂಧನದ ದೊಡ್ಡ ತೊಟ್ಟಿಯನ್ನು ಚಿಕ್ಕದು ಮಾಡಿದ್ದರು. ನೂರಾನಲವತ್ತು ಕಿಲೋ ಇಳಿದಿತ್ತು. ಈ ವರ್ಷದ ಇಪ್ಪತ್ತೊಂದು ಸಾಲನ್ನು ಹೊಸ ತೂಕಕ್ಕೆ ತಿದ್ದಿದ್ದೆ. ಮುಂದಿನ ವರ್ಷದ್ದನ್ನು ಮುಟ್ಟಿರಲಿಲ್ಲ. ಮುಟ್ಟಲು ಮನಸ್ಸಿರಲಿಲ್ಲ, ಏಕೆಂದರೆ ಮುಂದಿನ ವರ್ಷವೆಂದರೆ ಪುಟ್ಟಿ ಮೊದಲು, ನಾನು ಆಮೇಲೆ.

ಆ ಪುಟವನ್ನು ಹೊಸದಾಗಿ ಲೆಕ್ಕಹಾಕಲು ಮೂರು ಗಂಟೆ ಹಿಡಿಯಿತು. ಹಗುರಾದ ನೌಕೆಗೆ ಮುಂದಿನ ವರ್ಷ ಹನ್ನೆರಡು ದಿನಗಳ ಅವಕಾಶ ಸಿಕ್ಕಿತು. ತಲುಪುವುದು ಎರಡು ವರ್ಷ ತಡ. ಆದರೆ ತಲುಪುತ್ತದೆ.

ಎದುರಿಗೆ ಪುಟ್ಟಿ ಕಿತ್ತಳೆ ಸುಲಿಯುತ್ತಿದ್ದಳು.

“ನನ್ನ ಕಡತದ ಕೊನೇ ಪುಟ ನೋಡಿದ್ಯಾ ನೀನು?” ಎಂದು ಕೇಳಿದೆ.

“ಇಲ್ಲಪ್ಪ. ನೀನು ಆಗಲ್ಲ ಅಂತ ಬರೆದಿದ್ದೆಯಲ್ಲ, ಮತ್ತೆ ಯಾಕೆ ನೋಡ್ಲಿ?” ಅರ್ಧ ಕಿತ್ತಳೆ ನನ್ನ ಮುಂದಿಟ್ಟಳು. “ಯಾಕಕ್ಕ, ಮುಖ ಹಿಂಗಿದೆ? ನನ್ನದರಲ್ಲಿ ಏನಾದ್ರೂ ತಪ್ಪಿದ್ಯಾ? ಇದ್ರೆ ಹೇಳ್ಬಿಡು, ನಾಳೆ ಅವರೆದುರಿಗೆ ಬೇಡ.”

ತಪ್ಪು ಹುಡುಕಲು ಬಂದವಳ ಮುಂದೆ ಕಿತ್ತಳೆ ಇಡುತ್ತಾಳಲ್ಲ, ಇವಳನ್ನು ಏನು ಮಾಡುವುದು! ನನ್ನ ಮೇಲೆ ಅನುಮಾನಪಟ್ಟಿದ್ದರೆ ಸುಲಭವಾಗಿತ್ತು. ಬಾಯಿ ಮುಚ್ಚಿಕೊಂಡಿದ್ದುಬಿಡುತ್ತಿದ್ದೆ. ನಾನು ಬರೆದೆನೆಂಬ ಒಂದೇ ಕಾರಣಕ್ಕೆ ಅವಳು ನಂಬಿದ್ದಳು, ನಂಬಿಯೇ ಇಪ್ಪತ್ತು ವರ್ಷ ಕಳೆದುಕೊಳ್ಳಲು ಹೊರಟಿದ್ದಳು.

“ತಪ್ಪಿದೆ,” ಎಂದೆ. “ನನ್ನದರಲ್ಲಿ.”

ಶುಕ್ರವಾರ ಮೂರೂವರೆಗೆ ನಾವಿಬ್ಬರೂ ಹೋಗಿ, ಪುಟ್ಟಿ ನೋಡಿ ಸಹಿ ಹಾಕಿದ ಹೊಸ ಪುಟವನ್ನು ಗಡಿಯಾರದ ಮೇಜಿನ ಮೇಲಿಟ್ಟೆವು. ಅವರು ಎರಡು ಸಲ ಓದಿದರು.

“ಅಂದ್ರೆ ನೀವು ಮುಂದಿನ ವರ್ಷ ಹೋಗ್ಬಹುದು.”

“ಹೋಗ್ಬಹುದು ಸರ್.”

“ಹಾಗಾದ್ರೆ ಈ ವರ್ಷ ಶನಿ. ಎರಡೂ ಉಳೀತು.” ಅವರ ಮುಖ ಅರಳಿತು. “ಇದು ಹೇಗೆ ಹೊಳೀತು ನಿಮಗೆ?”

ಸುಳ್ಳು ಹೇಳಬಹುದಿತ್ತು. “ಪುಟ್ಟಿ ಪ್ರತಿ ಪುಟದಲ್ಲೂ ತೂಕದ ದಿನಾಂಕ ಬರೀತಾಳೆ. ಅದನ್ನ ನೋಡಿ.”

“ನೋಡಿ, ನೋಡಿ! ಇನ್ಮೇಲೆ ಎಲ್ರೂ ಹಾಗೇ ಬರೀಬೇಕು,” ಎಂದು ಅವರು ಅವಳ ಕಡೆ ತಿರುಗಿದರು. “ಭೇಷ್ ಪುಟ್ಟಿ!”

ಕಳೆದುಕೊಂಡವಳು ನಾನು, ಭೇಷ್ ಅವಳಿಗೆ. ಮೂಗಿನ ತುದಿ ಬಿಸಿಯಾದದ್ದು ನನಗೇ ಗೊತ್ತಾಯಿತು. ಪುಟ್ಟಿ ಕಣ್ಣು ತುಂಬಿಕೊಂಡು ಏನೋ ಹೇಳಲು ಬಾಯಿ ತೆರೆದಳು.

“ಈಗ ಅಳ್ಬೇಡ,” ಎಂದೆ. “ಕಾಗದ ಒದ್ದೆಯಾಗುತ್ತೆ.”

ಅವಳು ಜಡೆಯಿಂದ ಪೆನ್ಸಿಲ್ ತೆಗೆದು ಕೊಡಲು ಬಂದಳು. ಬೇಡವೆಂದು ನನ್ನ ಪೆನ್ನನ್ನೇ ತೆಗೆದೆ. ಹೂವು ಬಿಡಿಸಲಿಲ್ಲ, ಅಷ್ಟು ಒಳ್ಳೆಯವಳು ನಾನಲ್ಲ. ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಅವಳ ಇಪ್ಪತ್ತೊಂದನೇ ಸಾಲಿನ ಕೆಳಗೆ ‘ನೋಡಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.