ತಳವಾರನ ಕೋಲು

ಕೆಂಗೇರಿ ಕಡೆಯ ಉಲ್ಲಾಳದ ಹಳೇ ಊರಿನ ಮುನೇಶ್ವರನ ಗುಡಿಯಲ್ಲಿ ಕಾರ್ತಿಕದ ಕಡೇ ಸೋಮವಾರ ದೀಪ ಹಚ್ಚಿದ ಮೇಲೆ ಒಂದು ಕಥೆ ಹೇಳಬೇಕು. ಉಂಡ ದೇವರಿಗೂ ಹೊತ್ತು ಹೋಗಬೇಕಲ್ಲ ಎಂದು ಹಿರಿಯರು ಮಾಡಿಟ್ಟ ಕ್ರಮ. ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಮೂರು ಮೂರು ಅಂತಸ್ತು ಎದ್ದವು, ಗುಡಿಯ ಮುಂದೆಯೇ ಬಸ್ಸು ತಿರುಗುವಂತಾಯಿತು. ಕಥೆ ನಿಲ್ಲಲಿಲ್ಲ. ಹೇಳುವವಳು ಮುನಿತಾಯಮ್ಮ, ಹೂಂಗುಟ್ಟುವವನು ಅವಳ ಗಂಡ ಮುನಿಯಪ್ಪ.

ಹೂಂಗುಟ್ಟುವವರಿಲ್ಲದೆ ಕಥೆ ಹೇಳಬಾರದು. ಊರೆಲ್ಲ ಕೂತು ಕೇಳಲಿ, ಒಬ್ಬರಾದರೂ ಮಾತು ಮಾತಿಗೆ ಹೂಂ ಅನ್ನುತ್ತಿರಬೇಕು. ಇಲ್ಲದಿದ್ದರೆ ಬಾಯಿಂದ ಹೊರಟ ಕಥೆ ಸೇರುವುದಕ್ಕೆ ಮನೆಯಿಲ್ಲದೆ ಅಲೆಯುತ್ತದೆ ಎಂದು ಮುನಿತಾಯಮ್ಮನ ಅತ್ತೆ ಹೇಳಿಕೊಟ್ಟಿದ್ದರು. ಮುನಿಯಪ್ಪ ಗುಡಿಯ ಎಡಗಡೆಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಅವನ ಹೂಂಗಳಲ್ಲಿ ಬಗೆಬಗೆ ಇತ್ತು. ಕಥೆಯೊಳಗಿನವರು ದಾರಿ ನಡೆಯುವಾಗ ಗಿಡ್ಡನೆಯ ಹೂಂ, ಹಸಿದಾಗ ಉದ್ದನೆಯದು, ಹೆದರಿದಾಗ ಮೂಗಿನಲ್ಲೇ ಸುಳಿದುಹೋಗುವಂಥದ್ದು. ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆಯುವ ಹಾಗೆ, ಆ ಹೂಂ ಹಿಡಿದು ಅವಳು ಕಥೆ ದಾಟುತ್ತಿದ್ದಳು. ಮುಗಿದ ಮೇಲೆ ಅವನು ಟಾರ್ಚ್ ಹಿಡಿದು ಮುಂದೆ, ಅವಳು ಹಿಂದೆ, ಮನೆಗೆ ಬರುತ್ತಿದ್ದರು. ಬೀದಿದೀಪ ಬಂದು ಎಷ್ಟೋ ಕಾಲವಾಗಿತ್ತು. ಅವನು ಟಾರ್ಚ್ ಬಿಡಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಮುನಿಯಪ್ಪ ತೀರಿಕೊಂಡ. ವರ್ಷ ತುಂಬಿರಲಿಲ್ಲವೆಂದು ಆ ಕಾರ್ತಿಕದಲ್ಲಿ ಕಥೆಯಾಗಲಿಲ್ಲ.

ಮನೆಯಲ್ಲಿ ಜನರಿದ್ದರು. ಮಗ ರೇವಂತ್‌ಗೆ ಜ್ಞಾನಭಾರತಿಯ ಹತ್ತಿರ ಜೆರಾಕ್ಸ್ ಅಂಗಡಿ. ಸೊಸೆ ದಿವ್ಯ ನಾಗರಬಾವಿಯ ಬ್ಯಾಂಕಿಗೆ ಹೋಗುತ್ತಾಳೆ. ಮೊಮ್ಮಗಳು ಸ್ಪಂದನ ಓದುವ ಹುಡುಗಿ. ಎಲ್ಲರೂ ಒಳ್ಳೆಯವರೇ. ಆದರೂ ಮುನಿತಾಯಮ್ಮ ಮಾತಿನ ಮಧ್ಯದಲ್ಲಿ ನಿಂತುಬಿಡುತ್ತಿದ್ದಳು. “ತರಕಾರಿಯವನು ಬಂದಿದ್ದ” ಅನ್ನುವಳು, ಸುಮ್ಮನಾಗುವಳು. ಮನೆಯವರು ಮರೆವು ಶುರುವಾಯಿತೆಂದುಕೊಂಡರು. ಮರೆವಲ್ಲ. ಅವಳು ಹೂಂ ಬರಲಿ ಎಂದು ಕಾಯುತ್ತಿದ್ದಳು.

ಈ ಸಲ ಕಾರ್ತಿಕ ಹುಟ್ಟಿದಾಗ ಪೂಜಾರಿ ಯಲ್ಲಪ್ಪ ಮನೆಗೆ ಬಂದ. ಊರ ಹುಡುಗರು ಕಥೆಯ ಬದಲು ಆರ್ಕೆಸ್ಟ್ರಾ ಕರೆಸೋಣ ಅನ್ನುತ್ತಿದ್ದಾರೆ, ಈ ವರ್ಷವೂ ತಪ್ಪಿದರೆ ಕಥೆ ಅಲ್ಲಿಗೆ ಹೋಯಿತು, ಅವಳ ತಲೆಗೇ ಮುಗಿಯಿತು ಎಂದ. ಅವಳು ಮೊಳೆಗೆ ನೇತುಹಾಕಿದ್ದ ಟಾರ್ಚ್ ಕಡೆ ನೋಡುತ್ತ, ಹೂಂಗುಟ್ಟುವವರು ಯಾರಿದ್ದಾರೆ ಎಂದಳು.

“ನಾನಿಲ್ವಾ? ಬಾಯಿ ಇರೋರೆಲ್ಲ ಹೂಂ ಅಂತಾರೆ ಬಾರಕ್ಕ.”

ಅವಳು ಮನೆಯಲ್ಲೇ ಒಮ್ಮೆ ಹೇಳಿ ನೋಡಿದಳು. ದಿವ್ಯ ಅಡುಗೆಮನೆಯಿಂದ ಹೂಂ ಅಂದಳು, ಕುಕ್ಕರ್ ಕೂಗಿದಾಗ ಮರೆತಳು. ಸ್ಪಂದನ ಒಂದೊಂದು ಮಾತಿಗೂ “ಓಕೆ ಅಜ್ಜಿ, ನೆಕ್ಸ್ಟ್” ಎಂದಳು. ರೇವಂತ್ ಫೋನಿನಲ್ಲಿ ಯಾರಿಗೋ ಹೂಂ ಅನ್ನುತ್ತಿದ್ದ. ಅದನ್ನೇ ತನಗೆಂದುಕೊಂಡು ಅವಳು ಒಂದಷ್ಟು ದೂರ ಹೇಳಿಕೊಂಡು ಹೋಗಿದ್ದಳು. ಗೊತ್ತಾದಾಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಟೆರೇಸಿಗೆ ಹೋಗಿ ಒಣಗಿದ ಬಟ್ಟೆ ಮಡಿಸುತ್ತ ಬಹಳ ಹೊತ್ತು ಕೂತಳು.

ಕಥೆ ಊರ ಕಾಯುವ ತಳವಾರ ದೊಡ್ಡೀರನದು. ಕೆರೆಯ ಏರಿಯ ಮೇಲೆ ಸಿಕ್ಕಿದ ಅನಾಥ ಕೂಸು ಹೊನ್ನಿಯನ್ನು ಅವನು ಸಾಕುತ್ತಾನೆ. ಇರುಳೆಲ್ಲ ಕೋಲು ಕುಟ್ಟುತ್ತ ಊರು ಸುತ್ತುತ್ತಾನೆ. ಅವನ ಕಂಬಳಿಯ ಚುಂಗು ಹಿಡಿದು ಹೊನ್ನಿ ಹಿಂದೆ ಹಿಂದೆ ನಡೆಯುತ್ತಾಳೆ. ಹೊಂಗೆ ತೋಪಿನಲ್ಲಿ ಕಳ್ಳರು ಅವಿತಿರುತ್ತಾರೆ. ಕೋಲಿನ ಸದ್ದು ಕೇಳುತ್ತಿರುವಷ್ಟು ಹೊತ್ತು ಅವರು ಏಳುವುದಿಲ್ಲ. ಒಂದು ರಾತ್ರಿ ಕೆರೆಯ ತೂಬಿನ ಹತ್ತಿರ ತಳವಾರನಿಗೆ ಹಾವು ಕಚ್ಚುತ್ತದೆ.

ಅತ್ತೆ ಹೇಳುತ್ತಿದ್ದ ಕಥೆಯಲ್ಲಿ ಅವನು ಅಲ್ಲೇ ಸಾಯುತ್ತಿದ್ದ. ಮುನಿತಾಯಮ್ಮ ಹೊಸದಾಗಿ ಮದುವೆಯಾಗಿ ಬಂದು ಮೊದಲ ಸಲ ಗುಡಿಯಲ್ಲಿ ಹೇಳಿದಾಗಲೂ ಸತ್ತ. ಆಗ ಕಂಬದ ಕಡೆಯಿಂದ ಹೂಂ ನಿಂತುಹೋಯಿತು. ಮುನಿಯಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಣ್ಣ ತೀರಿಹೋಗಿ ಆಗಷ್ಟೇ ವರ್ಷ ತುಂಬಿತ್ತು. ಮನೆಗೆ ಬರುವಾಗ ಮುನಿಯಪ್ಪ ತಿರುಗಿ ನೋಡದೆ, ಟಾರ್ಚಿನ ಬೆಳಕಿಗೆ ಹೇಳುವವನ ಹಾಗೆ ಹೇಳಿದ್ದ: “ಮುಂದಿನ ಸಲ ಅವನ್ನ ಬದುಕಿಸೇ.”

ಬದುಕಿಸಿದಳು. ಹೊನ್ನಿ ಮುನೇಶ್ವರನ ಹೆಸರು ಹೇಳಿ ಬೇರು ತಂದು ಅರೆದು ಗಾಯಕ್ಕೆ ಹಾಕುತ್ತಾಳೆ, ತಳವಾರ ಎದ್ದು ಕೂರುತ್ತಾನೆ. ಊರಿಗೆ ಅದೇ ಇಷ್ಟವಾಯಿತು. ಎರಡು ತಲೆಮಾರಿನ ಮಕ್ಕಳು ತಳವಾರ ಏಳುವ ಗಳಿಗೆಗೆ ಚಪ್ಪಾಳೆ ತಟ್ಟಿ ಬೆಳೆದರು. ಅತ್ತೆ ಮಾತ್ರ ಮೂಲೆಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ, “ಪಾಪ, ಆ ಹುಡುಗಿ ಮುದುಕಿಯಾದ್ರೂ ಅವಳ ಕೈಯಿಂದ ಚುಂಗು ಬಿಡಿಸಲ್ಲ ನೀನು” ಅನ್ನುತ್ತಿದ್ದರು. ಮುನಿತಾಯಮ್ಮ ಅದನ್ನು ಚುಚ್ಚುಮಾತು ಎಂದುಕೊಂಡಿದ್ದಳು.

ಕಡೇ ಸೋಮವಾರ ಬಂತು. ದೀಪಗಳ ಸಾಲು ಬಾಗಿಲಿಂದ ಬಸ್ ಸ್ಟಾಪಿನವರೆಗೂ ಉರಿಯುತ್ತಿತ್ತು. ಹಳೇ ಊರಿನವರು, ಬಾಡಿಗೆ ರೂಮಿನ ಹುಡುಗಿಯರು, ಬಸ್ಸಿಳಿದು ಚಪ್ಪಲಿ ಬಿಟ್ಟು ಬಂದವರು, ಗುಡಿ ತುಂಬಿತು. ಎಡಗಡೆಯ ಕಂಬದ ಬುಡದಲ್ಲಿ ಯಾರೂ ಕೂರಲಿಲ್ಲ. ಅಷ್ಟು ಜಾಗವನ್ನು ಜನ ಹೇಳದೆ ಕೇಳದೆ ಬಿಟ್ಟುಕೊಂಡಿದ್ದರು. ಮುನಿತಾಯಮ್ಮ ದೇವರಿಗೆ ಕೈಮುಗಿದಳು. ಬಾಯಿ ನಿನ್ನದಪ್ಪ, ನಡೆಸು ಎಂದು ಬೇಡಿಕೊಂಡು ಶುರುಮಾಡಿದಳು.

ಯಲ್ಲಪ್ಪ ಮಂತ್ರಕ್ಕೆ ಗಂಟೆ ಹೊಡೆಯುವ ಹಾಗೆ ಹೂಂ ಹೊಡೆದ. ಕೂಸು ಅತ್ತಾಗಲೂ ಅದೇ ಹೂಂ, ಕಳ್ಳರು ಬಂದಾಗಲೂ ಅದೇ. ಕಥೆ ಕುಂಟುತ್ತ ಕುಂಟುತ್ತ ತೂಬಿನ ತನಕ ಬಂತು. ಹಾವು ಕಚ್ಚಿತು. ತಳವಾರ ಏರಿಯ ಮೇಲೆ ಉರುಳಿದ. ಹೊನ್ನಿ ಬೇರು ತಂದಳು, ಅರೆದಳು, ಹಾಕಿದಳು.

ಮುನಿತಾಯಮ್ಮನ ಮಾತು ನಿಂತಿತು.

ಅವಳು ಕಂಬದ ಕಡೆ ನೋಡಿದಳು. ಹೋದ ವರ್ಷದ ಶ್ರಾವಣದಲ್ಲಿ ಅವಳೂ ಬೇರು ಅರೆದಿದ್ದಳು. ಆಸ್ಪತ್ರೆಯವರು ಮುನಿಯಪ್ಪನನ್ನು ಕೈಬಿಟ್ಟು ಕಳಿಸಿದ ಮೇಲೆ ಯಾರೋ ಹೇಳಿದ ಬೇರು ತಂದು ಅರೆದು, ಮುನೇಶ್ವರನ ಹೆಸರು ಹೇಳಿ ನಾಲಿಗೆಗೆ ಹಚ್ಚಿದ್ದಳು. ‘ಎದ್ದ’ ಎನ್ನುವ ಮಾತು ಇಷ್ಟು ವರ್ಷ ತಾನಾಗಿ ಬರುತ್ತಿತ್ತು. ಈಗ ದೇವರ ಎದುರು ಕೂತು ಹೇಳಲು ಹೋದರೆ ಬರಲಿಲ್ಲ.

ಯಲ್ಲಪ್ಪನಿಗೆ ಗಾಬರಿಯಾಯಿತು. ಮರೆತಳೆಂದುಕೊಂಡು ಮೆಲ್ಲಗೆ ನೆನಪಿಸಿದ. “ಎದ್ದ. ಅಲ್ವಾ ಅಕ್ಕ?”

“ಏಳ್ಲಿಲ್ಲ ಯಲ್ಲಪ್ಪ.”

ಯಲ್ಲಪ್ಪ ಹೂಂ ಅನ್ನಲು ಬಾಯಿ ತೆರೆದವನು ಹಾಗೇ ಉಳಿದ. ಹೂಂ ಬಾರದೆ ಕಥೆ ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೂ ಹೋಗುವಂತಿಲ್ಲ. ಮುನಿತಾಯಮ್ಮ ಕಾದಳು. ಹೊರಗೆ ಒಂದು ಬಸ್ಸು ತಿರುಗಿಕೊಂಡು ಕೆಂಗೇರಿಯ ಕಡೆ ಹೋಯಿತು. ಆಮೇಲೆ ಯಾರದೋ ಹೂಂ ಕೇಳಿಸಿತು, ಮೂಗಿನಲ್ಲೇ ಸುಳಿದುಹೋಗುವಂಥದ್ದು. ತನ್ನದೇ ಎಂದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

ಆಮೇಲೆ ಕಥೆ ತಾನೇ ನಡೆಯಿತು. ಕೋಲಿನ ಸದ್ದು ನಿಂತದ್ದು ಕೇಳಿ ತೋಪಿನಲ್ಲಿ ಕಳ್ಳರು ಒಬ್ಬೊಬ್ಬರಾಗಿ ಎದ್ದರು, ಹೂಂ. ಹೊನ್ನಿಯ ಕೈಯಲ್ಲಿ ಕಂಬಳಿಯ ಚುಂಗು ಇತ್ತು, ಚುಂಗಿನ ಆ ತುದಿಯಲ್ಲಿ ಎಳೆಯುವವರಿರಲಿಲ್ಲ, ಹೂಂ. ಅವಳು ಅಳಲಿಲ್ಲವೆಂದಲ್ಲ, ಅಳುತ್ತಲೇ ಚುಂಗು ಬಿಟ್ಟಳು. ಕೋಲು ಅವಳಿಗಿಂತ ಉದ್ದವಿತ್ತು, ಎರಡು ಕೈಯಲ್ಲಿ ಹಿಡಿದಳು. ಕುಟ್ಟಿದಳು. ಕುಟ್ಟುತ್ತ ಊರು ಸುತ್ತಿದಳು. ಕಳ್ಳರು ಸದ್ದು ಕೇಳಿ ಮತ್ತೆ ಕೂತರು. ಊರಿನವರು ನಿದ್ದೆಗಣ್ಣಲ್ಲೇ, ದೊಡ್ಡೀರ ಇದ್ದಾನೆ ಅಂದುಕೊಂಡು ಮಗ್ಗುಲಾದರು. ಬೆಳಗಾಗುವ ತನಕ ಯಾರಿಗೂ ತಿಳಿಯಲಿಲ್ಲ.

ಚಪ್ಪಾಳೆ ಬೀಳಲಿಲ್ಲ. ರೂಮಿನ ಹುಡುಗಿಯೊಬ್ಬಳು ಮೊಣಕಾಲಿನ ಮೇಲೆ ಮುಖವಿಟ್ಟುಕೊಂಡಿದ್ದಳು. ಸ್ಪಂದನ ಬಂದು ಅಜ್ಜಿಯ ಮುಂದೆ ನಿಂತಳು. ಅವಳಿಗೆ ಸಿಟ್ಟು ಬಂದಿತ್ತು.

“ಯಾಕಜ್ಜಿ ಸಾಯಿಸ್ದೆ? ಎಲ್ಲರಿಗೂ ಅವನಂದ್ರೆ ಇಷ್ಟ.”

“ನಂಗೂ ಇಷ್ಟ ಕಣೇ. ಅವನು ಇರೋವರ್ಗೂ ಹೊನ್ನಿ ಮುಖ ಯಾರೂ ನೋಡ್ಲಿಲ್ಲ, ಬರೀ ಅವನ ಬೆನ್ನ ಹಿಂದೆ ಇದ್ಲು. ನಾನೂ ಇವತ್ತೇ ನೋಡಿದ್ದು.”

ಮುಂದಿನ ವರ್ಷ ಅವನು ಏಳುತ್ತಾನಾ ಎಂದು ಯಲ್ಲಪ್ಪ ಆರತಿ ತಟ್ಟೆ ಒರೆಸುತ್ತ ಕೇಳಿದ. ಮುಂದಿನ ವರ್ಷ ಎಂದು ಅವನು ಹೇಳಿದ್ದನ್ನು ಅವಳು ಗಮನಿಸಿದಳು. ಇಲ್ಲವೆಂದು ತಲೆಯಾಡಿಸಿದಳು. ಎಡಗಂಬದ ಬುಡದಲ್ಲಿ ಎಣ್ಣೆ ಆರುತ್ತಿದ್ದ ಹಣತೆಯ ಬತ್ತಿ ಮುಂದಕ್ಕೆ ಸರಿಸಿದಳು.

ರೇವಂತ್ ಗಾಡಿ ಶುರುಮಾಡಿಕೊಂಡು ಕೂರಮ್ಮ ಎಂದ. ಸ್ಪಂದನಳನ್ನು ಕರೆದುಕೊಂಡು ಹೋಗು, ತಾನು ನಡೆದು ಬರುತ್ತೇನೆ ಎಂದಳು. ಬರುವಾಗಲೇ ಸೆರಗಿನಡಿ ಟಾರ್ಚ್ ಇಟ್ಟುಕೊಂಡಿದ್ದಳು, ಮನೆಯಲ್ಲಿ ಯಾರೂ ನೋಡಿರಲಿಲ್ಲ. ಬೀದಿಯ ತುಂಬ ದೀಪಗಳಿದ್ದವು. ದಾರಿಯ ಮಧ್ಯದಲ್ಲಿ ಅವಳು ಅಭ್ಯಾಸದಂತೆ, “ಬತ್ತಿ ಸಾಲದಾಯ್ತು ಈ ಸಲ” ಎಂದಳು. ನಿಂತಳು. ಯಾರೂ ಹೂಂ ಅನ್ನಲಿಲ್ಲ.

ಟಾರ್ಚ್ ಹೊತ್ತಿಸಿದಳು. ಬೆಳಕು ಕಾಲ ಮುಂದೆ ಬಿತ್ತು. ಅದರ ಹಿಂದೆ ನಡೆದಳು.