ಹಡಗು ಯಾವಾಗ ಬರುತ್ತದೆ

ಗಸ್ತಿನ ಮೊದಲ ದಿನ ಸಂಜೆ ಪುಟುಲಿಕ್ ರೇಡಿಯೋದಲ್ಲಿ ಎಂದಿನ ವರದಿ ಒಪ್ಪಿಸಿದ. ಸೇನೆಗೆ ದಾರಿ ತೋರಿಸುವ ಊರಿನ ರೇಂಜರುಗಳು ನಾಲ್ವರು, ದಕ್ಷಿಣದಿಂದ ಬಂದ ಸೈನಿಕರು ಆರು ಮಂದಿ, ಎಲ್ಲರೂ ಕ್ಷೇಮ. ಉತ್ತರ ಧ್ರುವದ ಆ ನಾಡಿನಲ್ಲಿ ಏಪ್ರಿಲ್ ಕೊನೆಯ ವಾರವಾದ್ದರಿಂದ ಸಂಜೆಯೆಂಬುದು ಗಡಿಯಾರದಲ್ಲಿ ಮಾತ್ರ ಇತ್ತು. ಸೂರ್ಯ ಹೆಪ್ಪುಗಟ್ಟಿದ ಸಮುದ್ರದ ಅಂಚಿನಲ್ಲೇ ಸುತ್ತುತ್ತಿದ್ದ.

ವರದಿ ಮುಗಿಸಿ ಗುಂಡಿಯಿಂದ ಬೆರಳು ತೆಗೆದದ್ದೇ ತಡ, ಅದೇ ತರಂಗದಲ್ಲಿ ಒಬ್ಬ ಹೆಂಗಸು ಮಾತಾಡಿದಳು.

"ನಾವು ಏಳು ಜನ ಇದೀವಿ. ಕತ್ತಲೆ ಇನ್ನೂ ಹೋಗಿಲ್ಲ. ಹಡಗು ಯಾವಾಗ ಬರತ್ತೆ?"

ಕ್ಯಾಪ್ಟನ್ ಲಂಬೇರ್ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಮೂವತ್ತೂ ತುಂಬದ ಹುಡುಗ, ಉತ್ತರಕ್ಕೆ ಬಂದದ್ದು ಇದೇ ಮೊದಲು. "ರಷ್ಯನ್ನಾ?" ಎಂದು ಕೇಳಿದ.

"ಹೌದು ಸಾರ್," ಎಂದ ಜೇಪಿಟಿ. ಅವನು ಪುಟುಲಿಕನ ತಂಗಿಯ ಗಂಡ. "ಥೇಟ್ ನಮ್ಮತ್ತೆ ಥರಾನೇ ಮಾತಾಡೋ ರಷ್ಯನ್."

ಉಳಿದ ರೇಂಜರುಗಳು ನಕ್ಕರು. ಪುಟುಲಿಕ್ ನಗಲಿಲ್ಲ. ಜೇಪಿಟಿ ತಮಾಷೆಗೆ ಅಂದರೂ ಮಾತು ಸುಳ್ಳಾಗಿರಲಿಲ್ಲ. ಆ ನುಡಿ ಈ ದ್ವೀಪಗಳದ್ದಲ್ಲ. ಎರಡು ಸಾವಿರ ಕಿಲೋಮೀಟರ್ ತೆಂಕಣದ ಕರಾವಳಿಯದ್ದು. ಹಾಗೆ ರಾಗ ಎಳೆದು ಮಾತಾಡುವವರು ಅವನ ಊರಲ್ಲಿ ಉಳಿದದ್ದು ಒಬ್ಬರೇ, ಅವನ ತಾಯಿ ಅಲಾಸೀ.

"ಎಲ್ಲಿದೆ ಸಾರ್ ಕತ್ತಲೆ?" ಎಂದು ಒಬ್ಬ ಎಳೆಯ ಸೈನಿಕ ಸುತ್ತ ಕೈ ತೋರಿಸಿದ. ಹಿಮ ಕಣ್ಣಿಗೆ ಚುಚ್ಚುವಷ್ಟು ಹೊಳೆಯುತ್ತಿತ್ತು.

ಮರುದಿನ ಅದೇ ಹೊತ್ತಿಗೆ ಅದೇ ದನಿ ಬಂತು. "ನಾವು ಆರು ಜನ ಇದೀವಿ. ಹಡಗು ಯಾವಾಗ ಬರತ್ತೆ?"

ಲಂಬೇರ್ ಅದನ್ನು ದಾಖಲಿಸಿಕೊಂಡು ಮೇಲಿನವರಿಗೆ ಕಳಿಸಿದ. ನಮ್ಮ ನೀರಿನಲ್ಲಿ, ನಮ್ಮ ತರಂಗದಲ್ಲಿ, ಗುರುತಿಲ್ಲದವರು ಹಡಗಿಗೆ ಕಾಯುತ್ತಿದ್ದಾರೆ. ಇಂಥದ್ದನ್ನು ಪತ್ತೆ ಹಚ್ಚಲೆಂದೇ ಗಸ್ತು ಇರುವುದು. ಹುಡುಕಿ ಎಂದು ಉತ್ತರ ಬಂತು. ದಿಕ್ಕು ಹಿಡಿಯುವ ಯಂತ್ರ ಈಶಾನ್ಯದ ಕೊಲ್ಲಿಯೊಂದನ್ನು ತೋರಿಸಿತು.

ಪುಟುಲಿಕನಿಗೆ ಆ ಕೊಲ್ಲಿ ಗೊತ್ತಿತ್ತು. ಎಪ್ಪತ್ತು ವರ್ಷದ ಹಿಂದೆ ಸರ್ಕಾರದ ಹಡಗು ಅವನ ತಾಯಿಯ ಮನೆಯವರನ್ನು ತೆಂಕಣದ ಕರಾವಳಿಯಿಂದ ತಂದು ಇಳಿಸಿ ಹೋದದ್ದು ಅಲ್ಲೇ. ಜನ ಇದ್ದರೆ ತಾನೇ ನೆಲ ನಮ್ಮದು ಅನ್ನುವುದು ಆಗಿನ ಲೆಕ್ಕಾಚಾರ. ಎರಡು ವರ್ಷ ಇದ್ದು ನೋಡಿ, ಒಗ್ಗದಿದ್ದರೆ ಹಡಗು ಬಂದು ವಾಪಸ್ ಕರೆದುಕೊಂಡು ಹೋಗುತ್ತದೆ ಎಂದಿದ್ದರಂತೆ. ಅಜ್ಜಿ ಆ ಮೊದಲ ಚಳಿಗಾಲ ದಾಟಲಿಲ್ಲ ಅನ್ನುವುದಷ್ಟೇ ಅವನಿಗೆ ತಿಳಿದಿತ್ತು. ಅದಕ್ಕಿಂತ ಹೆಚ್ಚಿಗೆ ಅಲಾಸೀ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ.

ಮೂರನೆಯ ದಿನ ಹಿಮಗಾಡಿಗಳಲ್ಲಿ ಒಂಬತ್ತು ತಾಸು ಸಾಗಿ ಕೊಲ್ಲಿ ಮುಟ್ಟಿದರು. ಜಲ್ಲಿಕಲ್ಲಿನ ದಡ, ಅರ್ಧ ಹಿಮ ಮುಚ್ಚಿದ ನಾಲ್ಕೈದು ಗುಳಿ, ಗುಡಾರದ ಅಂಚಿಗೆ ಇಡುತ್ತಿದ್ದ ಕಲ್ಲುಗಳ ಒಂದು ಸುತ್ತು. ಹೆಜ್ಜೆಯ ಗುರುತಿಲ್ಲ, ತಂತಿಯಿಲ್ಲ, ಏನೂ ಇಲ್ಲ. ಯಂತ್ರದ ಮುಳ್ಳು ಮಾತ್ರ ಆ ಕಲ್ಲುಗಳ ಸುತ್ತಿನ ಕಡೆಗೇ ತಿರುಗಿ ನಿಂತಿತ್ತು.

"ಭಾವ, ವಾಪಸ್ ಹೋಗೋಣ," ಎಂದ ಜೇಪಿಟಿ. ಆ ದಿನ ಅವನ ಬಾಯಲ್ಲಿ ಬೇರೆ ಮಾತೇ ಹೊರಟಿರಲಿಲ್ಲ.

ಹೊತ್ತಿಗೆ ಸರಿಯಾಗಿ ರೇಡಿಯೋ ಗರಗರ ಎಂದಿತು. "ನಾವು ಐದು ಜನ ಇದೀವಿ. ಹಡಗು ಯಾವಾಗ ಬರತ್ತೆ?"

"ಅವರು ಯಾರು ಅಂತ ಕೇಳು," ಎಂದ ಲಂಬೇರ್.

ಪುಟುಲಿಕ್ ಗುಂಡಿ ಒತ್ತಿದ. ತಾಯಿಯ ಮನೆಯ ನುಡಿ ಅವನ ಬಾಯಿಗೆ ತಡವರಿಸುತ್ತ ಬಂತು. "ಯಾರಮ್ಮ ನೀನು?"

ಈ ಸಲ ದನಿ ತೀರ ಹತ್ತಿರ ಬಂದು, "ನೀನು ಯಾರು? ಹೊರಗೆ ಯಾರಿದೀರಾ?" ಎಂದಿತು.

"ನಾನು ಅಲಾಸೀ ಮಗ."

"ಅಲಾಸೀಗೆ ಐದು ವರ್ಷ. ಇಲ್ಲೇ ನನ್ನ ಪಕ್ಕದಲ್ಲಿ ಮಲಗಿದಾಳೆ."

ಕ್ಯಾಪ್ಟನ್ ಏನೋ ಕೇಳುತ್ತಿದ್ದ, ಅದು ಪುಟುಲಿಕನ ಕಿವಿಗೆ ಬೀಳಲಿಲ್ಲ. ಈ ಹೆಂಗಸು ಎಪ್ಪತ್ತು ವರ್ಷದಿಂದ ಕಾಯುತ್ತ ಕೂತಿದ್ದಾಳೆ, ನಿಜ ಹೇಳಿಬಿಟ್ಟರೆ ಕಾಯುವುದಾದರೂ ತಪ್ಪುತ್ತದೆ ಎಂದು ಅವನಿಗೆ ಅನ್ನಿಸಿತು.

"ಅಜ್ಜಿ, ಹಡಗು ಬರಲ್ಲ. ಕಾಯ್ಬೇಡ. ಅಲಾಸೀ ಮಾತ್ರ ಬದುಕ್ತಾಳೆ, ಮುದುಕಿ ಆಗೋವರೆಗೂ ಇರ್ತಾಳೆ. ನಾನು ಕಣ್ಣಾರೆ ನೋಡಿದೀನಿ."

ರೇಡಿಯೋದಲ್ಲಿ ಗಾಳಿಯ ಸದ್ದು ಕೇಳಿಸಿತು. ದಡದಲ್ಲಿ ಗಾಳಿಯೇ ಇರಲಿಲ್ಲ.

"ಹಾಗಾದ್ರೆ ಸರಿ," ಎಂದಿತು ದನಿ. ಮತ್ತೆ ಬರಲಿಲ್ಲ.

"ಏನು ಕೇಳಿದಳು?" ಎಂದ ಲಂಬೇರ್.

"ಹಡಗಿನ ವಿಚಾರ."

"ಯಾವ ಹಡಗು?"

"ನಿಮ್ಮದೇ."

ಲಂಬೇರ್ ಅವನ ಮುಖವನ್ನೂ ಕಲ್ಲುಗಳ ಸುತ್ತನ್ನೂ ನೋಡಿದ. ಆ ದಿನದ ವರದಿಯಲ್ಲಿ, ಪರದೇಶದವರ ಚಟುವಟಿಕೆ ಇಲ್ಲ ಎಂದು ಬರೆದ. ಅಲ್ಲಿ ಬಿಡಾರ ಹೂಡಲು ಯಾರೂ ಒಪ್ಪಲಿಲ್ಲ.

ಊರಿಗೆ ಮರಳಿದಾಗ ಪುಟುಲಿಕನ ಮನಸ್ಸು ಹಗುರವಾಗಿತ್ತು. ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೇ ತಾಯಿಯ ಮನೆಗೆ ಹೋದ. ಅಲಾಸೀ ನೆಲದ ಮೇಲೆ ರಟ್ಟು ಹಾಸಿ, ಹೆಪ್ಪುಗಟ್ಟಿದ ಮೀನನ್ನು ತನ್ನ ಅರ್ಧಚಂದ್ರಾಕಾರದ ಕತ್ತಿಯಿಂದ ಕೊಯ್ಯುತ್ತಿದ್ದಳು. ಅವನು ಒಂದನ್ನೂ ಬಿಡದೆ ಹೇಳಿದ. ಏಳು, ಆರು, ಐದು ಎಂದಾಗ ಅವಳ ಕತ್ತಿ ನಿಂತಿತು.

"ಮೊದ್ಲು ಹೋಗಿದ್ದು ಕೂಸು. ಆಮೇಲೆ ತಾತ. ಅದಾದ್ಮೇಲೆ ಅಮ್ಮ," ಎಂದಳು. "ನೀನು ಏನಂದೆ ಅವಳಿಗೆ? ಸರಿಯಾಗಿ ಹೇಳು."

ಅವನು ತನ್ನ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದ.

ಅಲಾಸೀ ಕೈಗೆ ಅಂಟಿದ್ದ ಮೀನಿನ ಹುರುಪೆ ಒರೆಸಿಕೊಂಡಳು. "ಹಡಗು ಬರಲ್ಲ ಅಂತ ಅಪ್ಪಂಗೆ ಮೊದ್ಲಿಂದ್ಲೂ ಗೊತ್ತಿತ್ತು. ಅಮ್ಮಂಗೆ ಯಾರೂ ಹೇಳಿರ್ಲಿಲ್ಲ. ಅವಳು ಅದೊಂದನ್ನೇ ಹಿಡ್ಕೊಂಡು ಬದುಕಿದ್ಲು. ಒಂದಿನ ಎದ್ದು ಕೂತು, ಹೊರಗೆ ಯಾರೋ ಹೇಳಿದ್ರು, ಹಡಗು ಬರಲ್ವಂತೆ ಅಂದ್ಲು. ಅಪ್ಪ ದೀಪ ಹಿಡ್ಕೊಂಡು ಹೊರಗೆ ಹೋಗಿ ನೋಡ್ದ. ಹಿಮದಲ್ಲಿ ಒಂದು ಹೆಜ್ಜೇನೂ ಇರ್ಲಿಲ್ಲ."

"ಆಮೇಲೆ?"

"ಅವತ್ತಿಂದ ಅವಳು ಊಟ ಮುಟ್ಲಿಲ್ಲ. ಅವಳ ಪಾಲು ನನ್ನ ಬಾಯಿಗೆ ತುರುಕ್ತಿದ್ಲು. ಅಣ್ಣಂದಿರಿಗಲ್ಲ, ಅಪ್ಪಂಗಲ್ಲ, ನಂಗೆ ಒಬ್ಬಳಿಗೇ. ಇವಳು ಉಳೀತಾಳೆ, ನಂಗೆ ಗೊತ್ತು ಅಂತಿದ್ಲು. ಹನ್ನೊಂದನೇ ದಿನ ಹೋದ್ಲು. ಅವಳ ಪಾಲು ತಿಂದು ನಾನೇ ಕೊಂದೆ ಅನ್ಕೊಂಡೇ ಇಷ್ಟು ವರ್ಷ ಕಳ್ದೆ."

"ಅಮ್ಮ, ನಂಗೆ ಗೊತ್ತಿರ್ಲಿಲ್ಲ. ಪಾಪ, ಕಾಯೋದು ತಪ್ಪಲಿ ಅಂತ..."

"ಗೊತ್ತಿತ್ತು ಅಂತ ನಾನೆಲ್ಲಿ ಅಂದೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಬ್ಬಳೇ ಹೊತ್ಕೊಂಡಿದ್ದೆ. ಇನ್ಮೇಲೆ ಇಬ್ಬರು."

ಅವಳು ಮೀನಿನ ಹೊಟ್ಟೆಯ ಕೊಬ್ಬಿನ ತುಂಡನ್ನು ಕೊಯ್ದು ಅವನ ಮುಂದೆ ಹಿಡಿದಳು. ಅವನಿಗೆ ಬೇಡವಾಗಿತ್ತು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ತೆಗೆದುಕೊಂಡು ತಿಂದ.

ಮರುವರ್ಷ ಏಪ್ರಿಲಿನಲ್ಲಿ ಪುಟುಲಿಕ್ ಗಸ್ತಿಗೆ ಮತ್ತೆ ಹೊರಟ. ದಾರಿ ಬಲ್ಲವರು ಬೇರೆ ಯಾರೂ ಇರಲಿಲ್ಲ. ಸಂಜೆಯ ವರದಿಯನ್ನು ಮಾತ್ರ ಜೇಪಿಟಿಯ ಪಾಲಿಗೆ ಬಿಟ್ಟ. ಅವನು ತಲೆ ಎಣಿಸಿ ಹೇಳುವಾಗ ಪುಟುಲಿಕ್ ಎದ್ದು, ರೇಡಿಯೋ ಕೇಳಿಸದಷ್ಟು ದೂರ ಹಿಮದಲ್ಲಿ ನಡೆದು ಹೋಗುತ್ತಿದ್ದ.